ಮೆಸಪೊಟೇಮಿಯದಲ್ಲಿ ಭಾರತದ ದಂಡು

1914ನೆಯ ಇಸವಿ ನವೆಂಬರ್ 6ರಂದು, ಬ್ರಿಟನ್ ತುರ್ಕಿಯ ಮೇಲೆ ಯುದ್ಧ ಸಾರಿ ಇನ್ನೂ ಒಂದೇ ದಿನ ಕಳೆದಿದ್ದಾಗ, ಟೈಗ್ರಿಸ್ ಮತ್ತು ಯೂಫ್ರೆಟೀಸ್ ನದಿಗಳು ಒಂದಾಗಿ ಷತ್ತಲ್ ಅರಬ್ ಎಂಬ ಹೆಸರಿನಿಂದ ಪರ್ಷಿಯದ ಕೊಲ್ಲಿಯನ್ನು ಸೇರುವ ಫಾವ್ ಎಂಬ ಸ್ಥಳದಲ್ಲಿ, ಬ್ರಿಗೇಡಿಯರ್ ಡಿಲಮೇನನ ಅಧೀನದ ಸೈನ್ಯವೊಂದು ನೆಲಕ್ಕಿಳಿಯಿತು. ಅದು ಯುದ್ಧಘೋಷಣೆಯನ್ನು ಕೇಳಿದ ಮೇಲೆ ಹೊರಟ ಸೈನ್ಯವಲ್ಲ. ಅಕ್ಟೋಬರಿನಲ್ಲಿಯೇ ಮುಂಬಯಿಯ ಬಂದರನ್ನು ಬಿಟ್ಟು, ಬಹರೇನ್ ದ್ವೀಪದ ಬಳಿ ಲಂಗರು ಹಾಕಿ, ಅಪ್ಪಣೆಯ ತಂತಿಗಾಗಿ ಕಾದಿದ್ದ ಸೈನ್ಯ. ಆ ದಂಡಯಾತ್ರೆಯ ಮೊದಲ ಘಟ್ಟವನ್ನು ನಡೆಸಿದ ಹೊಣೆ ಲಂಡನ್ನಿನ ಯುದ್ಧಖಾತೆಯದಲ್ಲ, ಸಿಮ್ಲಾದ ಬೆಟ್ಟದ ಮೇಲಿಂದ ಆಳುತ್ತಿದ್ದ ಭಾರತ ಸರ್ಕಾರದ್ದು. ಹೋದ ಡಿವಿಜನ್ನಿನ ಹೆಸರು ಪೂನಾ ಡಿವಿಜನ್ನು. ಅದರ ಮೂರು ಬ್ರಿಗೇಡುಗಳು ಪೂನಾ, ಅಹಮದ್‌ನಗರ ಮತ್ತು ಬೆಳಗಾವಿ ಎಂಬ ಹೆಸರುಗಳನ್ನು ಹೊತ್ತವು. ಯುದ್ಧವು ಮುಗಿಯುವ ವೇಳೆಗೆ ಭಾರತದಿಂದ ಮೆಸಪೊಟೇಮಿಯಕ್ಕೆ ಹೋದವರ ಸಂಖ್ಯೆ, ಕಾದುವವರು ಹೊರುವವರು ಎಲ್ಲರೂ ಸೇರಿ, ಆರು ಲಕ್ಷದ ಹತ್ತಿರ ಹತ್ತಿರಕ್ಕೆ ಬಂದಿತ್ತು.

ಮೊದಲನೆಯ ಮಹಾಯುದ್ಧವೆಂದರೆ ಫ್ರಾನ್ಸಿನ ಕಂದಕಗಳನ್ನೇ ನೆನೆಯುವುದು ನಮ್ಮ ಓದುಬರಹದ ವಾಡಿಕೆಯಾಗಿ ಹೋಗಿದೆ. ಆದರೆ ಭಾರತೀಯ ಸೈನಿಕರು ಅತ್ಯಧಿಕ ಸಂಖ್ಯೆಯಲ್ಲಿ ಹೋದದ್ದು ಟೈಗ್ರಿಸ್ ನದಿಯ ಬಯಲಿಗೆ. ಅಲ್ಲಿ ಅವರ ಕೈಯಿಂದ ಆದ ಕಾರ್ಯವು ಕೇವಲ ಒಂದು ಯುದ್ಧದ ಜಯಾಪಜಯದಲ್ಲಿ ಮುಗಿಯದೆ, ಒಂದು ದೇಶದ ಮೇಲೆ ಅನ್ಯರ ಆಳ್ವಿಕೆಯನ್ನು ಕೂರಿಸುವುದಕ್ಕೂ, ಆ ಆಳ್ವಿಕೆಯ ವಿರುದ್ಧ ಎದ್ದ ಜನರನ್ನು ಬಗ್ಗುಬಡಿಯುವುದಕ್ಕೂ ಸಾಧನವಾಯಿತು. ತಾನೇ ಸ್ವತಂತ್ರವಲ್ಲದ ಜನಾಂಗವೊಂದರ ತೋಳಿನಿಂದ ಮತ್ತೊಂದು ಜನಾಂಗವನ್ನು ಕಟ್ಟಿಹಾಕಿದ ಈ ಪ್ರಸಂಗವನ್ನು ನಾವು ನಮ್ಮ ಚರಿತ್ರೆಯ ಭಾಗವೆಂದೇ ಎಣಿಸಿ ತಿಳಿದುಕೊಳ್ಳಬೇಕು.

ಕಾರಣಗಳನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಪರ್ಷಿಯದ ಮಸ್ಜಿದ್ ಸುಲೈಮಾನಿನಲ್ಲಿ 1908ರಲ್ಲಿ ಕಲ್ಲೆಣ್ಣೆ ದೊರೆತಿತ್ತು. ಅದನ್ನು ಶುದ್ಧಿಮಾಡುವ ಕಾರ್ಖಾನೆಯು ಷತ್ತಲ್ ಅರಬ್ ನದಿಯ ದಡದ ಅಬಾದಾನಿನಲ್ಲಿ, ತುರ್ಕಿಯ ಗಡಿಯ ಕಣ್ಣೆದುರಿಗೇ ನಿಂತಿತ್ತು. ನೌಕಾದಳದ ಹಡಗುಗಳಿಗೆ ಕಲ್ಲಿದ್ದಲಿನ ಬದಲು ಎಣ್ಣೆಯನ್ನು ಬಳಸತೊಡಗಿದ ಬ್ರಿಟಿಷ್ ಸರ್ಕಾರವು 1914ರ ಬೇಸಗೆಯಲ್ಲಿ ಆ ಕಂಪನಿಯ ಹೆಚ್ಚು ಪಾಲನ್ನು ತಾನೇ ಕೊಂಡಿತ್ತು. ಇದರೊಡನೆ ಕೊಲ್ಲಿಯ ಷೇಖರ ಮುಂದೆ ತಮ್ಮ ಪ್ರತಿಷ್ಠೆ ಕುಂದಬಾರದೆಂಬ ಚಿಂತೆಯೂ, ಜರ್ಮನರ ಬಾಗ್ದಾದ್ ರೈಲುದಾರಿಯ ಭಯವೂ ಕೂಡಿಕೊಂಡವು. ಎಣ್ಣೆಯ ಕೊಳವೆಯನ್ನು ಕಾಯುವುದಕ್ಕೆಂದು ಇಳಿದ ದಂಡು ಸುಮಾರು ಹದಿನೈದು ದಿನಗಳಲ್ಲಿ ಬಸ್ರಾ ನಗರವನ್ನು ಹಿಡಿಯಿತು. ಡಿಸೆಂಬರ್ 9ರಂದು, ಎರಡು ನದಿಗಳು ಕೂಡುವ ಕುರ್ನಾ ಪಟ್ಟಣವು ಜನರಲ್ ಫ್ರೈ ಎಂಬಾತನಿಗೆ ಶರಣಾಯಿತು. ಆತನ ದಳವೇ ಬೆಳಗಾವಿಯ ಬ್ರಿಗೇಡು. ಅದರಲ್ಲಿದ್ದ 110ನೆಯ ಮರಾಠಾ ಲಘು ಪದಾತಿ ಪಲ್ಟನಿನ ಪರಂಪರೆಯು ಇಂದಿಗೂ ಬೆಳಗಾವಿಯನ್ನು ಕೇಂದ್ರವಾಗುಳ್ಳ ರೆಜಿಮೆಂಟಿನಲ್ಲಿ ಮುಂದುವರಿದಿದೆ. ಬೆಂಗಳೂರಿನ ಹಲಸೂರಿನ ಬಳಿ ನೆಲೆಗೊಂಡಿರುವ ಮದರಾಸು ಸ್ಯಾಪರ್ಸ್ ದಳದ ತುಕಡಿಗಳು ಕೂಡ ಮುಂದೆ ಈ ರಣರಂಗದಲ್ಲಿ ಸೇತುವೆ ಕಟ್ಟಿದವು, ದೋಣಿ ನಡೆಸಿದವು.

ಹಿಡಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಇನ್ನಷ್ಟು ಮುಂದೆ ಹೋಗಬೇಕು ಎಂಬ ತರ್ಕವು ಆಕ್ರಮಣ ಮಾಡುವವರನ್ನು ಎಲ್ಲಿಯವರೆಗೆ ಎಳೆದುಕೊಂಡು ಹೋಗಬಲ್ಲುದೆಂಬುದಕ್ಕೆ 1915ನೆಯ ವರ್ಷದ ವೃತ್ತಾಂತವು ಸಾಕ್ಷಿ. ಬಸ್ರಾಕ್ಕಾಗಿ ಕುರ್ನಾ, ಕುರ್ನಾಕ್ಕಾಗಿ ಅಮಾರಾ, ಅಮಾರಾಕ್ಕಾಗಿ ನಾಸಿರಿಯಾ ಮತ್ತು ಕೂತ್, ಕೂತಿನ ತರುವಾಯ ಬಾಗ್ದಾದು. ನಜಫ್ ಕ್ಷೇತ್ರದ ಧರ್ಮಪಂಡಿತರು ಆಕ್ರಮಣಕಾರರ ವಿರುದ್ಧ ಧರ್ಮಯುದ್ಧವನ್ನು ಸಾರಿದರು. ಮುಹಮ್ಮದ್ ಸಯೀದ್ ಅಲ್ ಹಬ್ಬೂಬಿ ಎಂಬ ವಯೋವೃದ್ಧ ಕವಿ, ಪಂಡಿತ, ತಾನೇ ಸ್ವಯಂಸೇವಕರ ಮುಂದೆ ನಡೆದು, ಸೋತು ಹಿಂದಿರುಗುವ ಹಾದಿಯಲ್ಲಿ ನಾಸಿರಿಯಾದಲ್ಲಿ ಪ್ರಾಣಬಿಟ್ಟ. ದಂಡನ್ನು ನಡೆಸುತ್ತಿದ್ದ ಜನರಲ್ ಟೌನ್‌ಷೆಂಡನು ನವೆಂಬರಿನಲ್ಲಿ ಬಾಗ್ದಾದಿಗೆ ಕೆಲವೇ ಹರದಾರಿಗಳ ದೂರದಲ್ಲಿರುವ ಪ್ರಾಚೀನ ಟೆಸಿಫಾನಿನ ಬಯಲನ್ನು ಮುಟ್ಟಿದನು. ಆ ಸ್ಥಳಕ್ಕೆ ಸುತ್ತಲಿನ ಜನ ಇಟ್ಟಿದ್ದ ಹೆಸರು ಸಲ್ಮಾನ್ ಪಾಕ್. ಪೈಗಂಬರರ ಅನುಚರನಾದ ಸಲ್ಮಾನನ ಸಮಾಧಿ ಅಲ್ಲಿದೆ. ತಮ್ಮ ಮುಸಲ್ಮಾನ ಸಿಪಾಯಿಗಳ ಮನಸ್ಸು ಎಲ್ಲಿ ಕದಡೀತೋ ಎಂದು ಅಧಿಕಾರಿಗಳು ಆ ಹೆಸರನ್ನು ಬಳಸದೆ, ಗ್ರೀಕರ ಹೆಸರನ್ನೇ ಆರಿಸಿಕೊಂಡರು. ಅವರ ಭಯವು ಆಧಾರವಿಲ್ಲದ್ದಲ್ಲ. ಮರುವರ್ಷದ ಫೆಬ್ರವರಿಯಲ್ಲಿ ಬಸ್ರಾದಲ್ಲಿ 15ನೆಯ ಲ್ಯಾನ್ಸರ್ಸ್ ಅಶ್ವದಳದ ನಾಲ್ಕು ನೂರಕ್ಕೂ ಹೆಚ್ಚು ಮಂದಿ ಸವಾರರು, ಪವಿತ್ರ ಕ್ಷೇತ್ರಗಳಿರುವ ಈ ನೆಲದಲ್ಲಿ ಸ್ವಧರ್ಮೀಯರ ಮೇಲೆ ಆಯುಧವೆತ್ತುವುದಿಲ್ಲವೆಂದು ಹೇಳಿ ನಿಂತುಬಿಟ್ಟರು. ಗಡೀಪಾರಿನ ಶಿಕ್ಷೆಯನ್ನು ಅನುಭವಿಸಿದರು. ಅನ್ಯರ ಯುದ್ಧದಲ್ಲಿ ಸಂಬಳದ ಸಿಪಾಯಿಯ ಅಂತಃಕರಣವು ಮಾತನಾಡಿದ ಆ ಪ್ರಸಂಗವನ್ನು ನಾನು ಅತ್ಯಂತ ಗೌರವದಿಂದ ನೆನೆಯುತ್ತೇನೆ.

ಟೆಸಿಫಾನಿನಲ್ಲಿ ಟೌನ್‌ಷೆಂಡನ ದಂಡು ಮುರಿದು ಹಿಂದಕ್ಕೆ ಬಂದು ಟೈಗ್ರಿಸ್ ನದಿಯ ಬಾಗಿನೊಳಗಿರುವ ಕೂತ್ ಪಟ್ಟಣವನ್ನು ಹೊಕ್ಕಿತು. 1915ರ ಡಿಸೆಂಬರ್ 7ರಂದು ತುರ್ಕರು ಮುತ್ತಿಗೆ ಹಾಕಿದರು. 1916ರ ಏಪ್ರಿಲ್ 29ರವರೆಗೆ ಅದು ಸಡಿಲಲಿಲ್ಲ. ಊರಿನೊಳಗೆ ಸೈನ್ಯದ ಜೊತೆಗೆ ಸಹಸ್ರಾರು ಮಂದಿ ಅರಬ್ಬೀ ನಾಗರಿಕರೂ ಇದ್ದರು. ಧಾನ್ಯವು ತೀರುತ್ತ ಬಂದಂತೆ ಕುದುರೆ, ಹೇಸರಗತ್ತೆಗಳನ್ನು ಕಡಿದು ತಿನ್ನುವ ಕಾಲ ಬಂತು. ಭಾರತೀಯ ಸಿಪಾಯಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಆ ಮಾಂಸವನ್ನು ಮುಟ್ಟಲೊಲ್ಲದೆ ಹೋದರು. ತಿಂದರೆ ಊರಿಗೆ ಹೋದ ಮೇಲೆ ಜಾತಿಯವರು ಪಂಕ್ತಿಗೆ ಸೇರಿಸಿಕೊಳ್ಳುವರೋ ಇಲ್ಲವೋ ಎಂಬುದು ಅವರ ಅಂಜಿಕೆ. ಭಾರತದ ಧರ್ಮಗುರುಗಳಿಂದ ಆಪದ್ಧರ್ಮವೆಂದು ಅನುಮತಿಯನ್ನು ಪಡೆದು ತಂತಿಯಿಲ್ಲದ ತಂತಿಯ ಮೂಲಕ ಕೂತಿಗೆ ತಿಳಿಸಿದರೂ, ಬಹಳ ಮಂದಿ ಒಪ್ಪಿದ್ದು ದೇಹವು ಸೋತುಹೋದ ಮೇಲೆಯೇ. ಹಸಿರು ಕಾಣದೆ ರಕ್ತಪಿತ್ತದ ರೋಗವು ಹಬ್ಬಿ, ವಸಡುಗಳು ಊದಿ, ಹಳೆಯ ಗಾಯಗಳು ಮತ್ತೆ ಬಾಯಿಬಿಟ್ಟವು. ಬಯಲಿನಲ್ಲಿ ಚಿಗುರಿದ ಕಳೆಯನ್ನು ಕಿತ್ತು ಬೇಯಿಸಿ ಸೊಪ್ಪೆಂದು ತಿಂದರು. ಮುತ್ತಿಗೆಯಲ್ಲಿ ಸಿಕ್ಕಿದವರಿಗೆ ವಿಮಾನಗಳಿಂದ ಆಹಾರದ ಮೂಟೆಗಳನ್ನು ಬೀಳಿಸುವ ಪ್ರಯತ್ನವು ಯುದ್ಧಗಳ ಚರಿತ್ರೆಯಲ್ಲಿ ಮೊತ್ತಮೊದಲು ನಡೆದದ್ದು ಅಲ್ಲಿಯೇ. ಕೆಲವು ಮೂಟೆಗಳು ನದಿಗೆ ಬಿದ್ದವು, ಕೆಲವು ತುರ್ಕರ ಪಾಲಾದವು. ಉಳಿದ ಬಾರ್ಲಿಯನ್ನು ಹಿಟ್ಟು ಮಾಡಲು ಸಾಧನವಿಲ್ಲದ್ದರಿಂದ ಬೀಸುವ ಕಲ್ಲನ್ನು ಕೂಡ ವಿಮಾನದಿಂದಲೇ ಕೆಳಕ್ಕೆ ಹಾಕಬೇಕಾಯಿತು.

ಅವರನ್ನು ಬಿಡಿಸಲು ಹೋದ ಸೈನ್ಯಗಳು ಮೊಣಕಾಲುದ್ದದ ಕೆಸರಿನಲ್ಲಿ ಮತ್ತೆ ಮತ್ತೆ ಮೇಲೆ ಬಿದ್ದು, ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 23,000 ಮಂದಿಯನ್ನು ಕಳೆದುಕೊಂಡವು. ಇಪ್ಪತ್ತು ಲಕ್ಷ ಪೌಂಡುಗಳಷ್ಟು ಹಣವನ್ನು ಕೊಟ್ಟು ಬಿಡಿಸಿಕೊಳ್ಳುವ ಮಾತನ್ನೂ ಆಡಿ ನೋಡಿದರು; ತುರ್ಕಿಯ ದಂಡನಾಯಕ ಖಲೀಲ್ ಪಾಷಾ ಒಪ್ಪಲಿಲ್ಲ. ಕಟ್ಟಕಡೆಗೆ ಸುಮಾರು 13,000 ಮಂದಿ ಸೆರೆಯಾದರು. ಟೌನ್‌ಷೆಂಡನು ಕಾನ್‌ಸ್ಟಾಂಟಿನೋಪಲಿನ ಬಳಿಯ ದ್ವೀಪದಲ್ಲಿ ಸುಖದಿಂದಿದ್ದನು. ಆತನ ಸಿಪಾಯಿಗಳಾದರೋ, ಮರುಭೂಮಿಯ ಬಿಸಿಲಿನಲ್ಲಿ ಕಾಲ್ನಡಿಗೆಯಿಂದ ಮೋಸುಲ್, ರಾಸ್ ಅಲ್ ಐನ್‌ಗಳ ಕಡೆಗೆ ಅಟ್ಟಲ್ಪಟ್ಟು, ಅಲ್ಲಿ ರೈಲುದಾರಿಯನ್ನು ಹಾಕುವ ಕೆಲಸಕ್ಕೆ ಸಿಕ್ಕಿ ಸಾವಿರ ಸಾವಿರವಾಗಿ ಅಳಿದುಹೋದರು. ಅವರಲ್ಲೊಬ್ಬನಾದ, ಬಂಗಾಳದ ಆಂಬುಲೆನ್ಸ್ ದಳದ ಶಿಶಿರ ಸರ್ವಾಧಿಕಾರಿಯು ಬಂಗಾಳಿಯಲ್ಲಿ ಬರೆದಿಟ್ಟ ನೆನಪುಗಳು ಉಳಿದಿರದಿದ್ದರೆ, ಆ ಹಾದಿಯನ್ನು ಭಾರತೀಯನೊಬ್ಬನ ಕಣ್ಣಿನಿಂದ ನೋಡುವ ಭಾಗ್ಯವು ನಮಗೆ ಅಷ್ಟಾಗಿ ದೊರೆಯುತ್ತಿರಲಿಲ್ಲ. ಇತ್ತ ಗಾಯಾಳುಗಳನ್ನು ಔಷಧವಿಲ್ಲದೆ, ಹಾಸಿಗೆಯಿಲ್ಲದೆ, ಕಬ್ಬಿಣದ ದೋಣಿಗಳ ಮೇಲೆ ತಮ್ಮದೇ ಮಲಮೂತ್ರಗಳಲ್ಲಿ ಮಲಗಿಸಿ ಬಸ್ರಾಕ್ಕೆ ತಂದ ಸಂಗತಿಯು ಹೊರಬಿದ್ದು, ವಿಚಾರಣಾ ಆಯೋಗವೊಂದು ಕುಳಿತು, 1917ರಲ್ಲಿ ಅದರ ವರದಿಯು ಪ್ರಕಟವಾದ ಮೇಲೆ ಭಾರತಮಂತ್ರಿ ಆಸ್ಟಿನ್ ಚೇಂಬರ್ಲೇನನು ಪದವಿಯನ್ನು ಬಿಟ್ಟನು.

ಆ ವೇಳೆಗಾಗಲೇ ಜನರಲ್ ಮಾಡ್ ಎಂಬಾತನು 1917ರ ಮಾರ್ಚ್ 11ರಂದು ಬಾಗ್ದಾದನ್ನು ಪ್ರವೇಶಿಸಿದ್ದನು. ವಾರದ ತರುವಾಯ ಆತನ ಹೆಸರಿನಲ್ಲಿ ಹೊರಟ ಘೋಷಣಾಪತ್ರವು, ತಾವು ಗೆದ್ದು ಆಳಲು ಬಂದವರಲ್ಲವೆಂದೂ, ಅನ್ಯರ ನೊಗದಿಂದ ಬಿಡಿಸಲು ಬಂದವರೆಂದೂ ನಗರವಾಸಿಗಳಿಗೆ ಸಾರಿತು. ಅದನ್ನು ರಚಿಸಿದವರು ಲಂಡನ್ನಿನಲ್ಲಿದ್ದರು. ಆಳುವ ಕಾರ್ಯವನ್ನು ನಡೆಸಿದವರಾದರೋ ಭಾರತದಲ್ಲಿ ಪಳಗಿದ ಅಧಿಕಾರಿಗಳು. ಅವರಿಗೆ ಗೊತ್ತಿದ್ದ ಆಡಳಿತವೆಂದರೆ ಜಿಲ್ಲೆ, ಕಂದಾಯ, ಕಚೇರಿ ಮತ್ತು ಪೊಲೀಸು. ಬಸ್ರಾದಲ್ಲಿ ಜಾರಿಗೆ ಬಂದ ಕಾಯಿದೆಯ ಸಂಹಿತೆಯು ಭಾರತದ ಕಾನೂನುಗಳ ಅಚ್ಚಿನಲ್ಲಿ ಎರಕ ಹೊಯ್ದದ್ದು. ಪೇಟೆಯಲ್ಲಿ ಚಲಾವಣೆಯಾದ ನಾಣ್ಯವು ಭಾರತದ ರೂಪಾಯಿ. 1932ರಲ್ಲಿ ದೀನಾರು ಬರುವವರೆಗೆ ಇರಾಕಿನ ರೈತನು ತನ್ನ ಖರ್ಜೂರವನ್ನೂ ಬತ್ತವನ್ನೂ ರೂಪಾಯಿ ಆಣೆಗಳ ಲೆಕ್ಕದಲ್ಲಿಯೇ ಮಾರಿದನು. ರೈಲಿನ ಕಂಬಿಗಳು ಇಲ್ಲಿಂದ ಹೋದವು, ನದಿಯ ಹಡಗುಗಳು ಇಲ್ಲಿಂದ ಹೋದವು. ಗುಮಾಸ್ತರು, ಕೂಲಿಗಳು, ಕಡೆಗೆ ಜೈಲುಗಳಿಂದ ಬಿಡಿಸಿ ತಂದ ಖೈದಿಗಳ ದಳಗಳೂ ಹೋದವು.

ಇಂಥ ಆಡಳಿತದಲ್ಲಿ ದಕ್ಷತೆ ಇರಲಿಲ್ಲವೆಂದು ಯಾರೂ ಹೇಳಲಾರರು. ಜನರನ್ನು ಉರಿಸಿದ್ದು ಆ ದಕ್ಷತೆಯೇ. ತುರ್ಕರ ಕಾಲದಲ್ಲಿ ಕಂದಾಯವು ಕಾಗದದ ಮೇಲೆ ಎಷ್ಟಿದ್ದರೂ, ಯೂಫ್ರೆಟೀಸಿನ ಜೌಗುನೆಲದ ಕುಲಗಳವರಿಂದ ಅದನ್ನು ಎತ್ತುವುದು ಪಾಷಾಗಳಿಗೆ ಸಾಧ್ಯವಾದಾಗ ಸಾಧ್ಯವಾಗುತ್ತಿತ್ತು, ಇಲ್ಲದಾಗ ಇಲ್ಲ. ಈಗ ಸುಗ್ಗಿಯ ಅಂದಾಜು ಮಾಡುವವನು ಬಂದನು, ದಫ್ತರು ಬಂದಿತು, ಬಾಕಿಗೆ ಜಫ್ತಿ ಬಂದಿತು. ಪ್ರವಾಹದ ಏರಿಗಳನ್ನು ಕಟ್ಟಲು ಕುಲದ ಆಳುಗಳನ್ನು ಬಿಟ್ಟಿಗೆ ಹಿಡಿಯುವ ಪದ್ಧತಿಯೂ ಬಿಗಿಯಾಯಿತು. ಬಿಡುಗಡೆಯ ಘೋಷಣೆಯನ್ನು ಕೇಳಿದ ಜನರು ಕಂಡ ಬಿಡುಗಡೆಯು ಹೀಗಿತ್ತು. 1918ರ ಮಾರ್ಚಿನಲ್ಲಿಯೇ ನಜಫಿನಲ್ಲಿ ಮಾರ್ಷಲ್ ಎಂಬ ಅಧಿಕಾರಿಯ ಕೊಲೆಯಾಗಿ, ಸೈನ್ಯವು ಆ ಪುಣ್ಯಕ್ಷೇತ್ರದ ಸುತ್ತ ಬೇಲಿ ಹಾಕಿ ನೀರು ಆಹಾರಗಳನ್ನು ತಡೆದು, ಕಡೆಗೆ ಹನ್ನೊಂದು ಮಂದಿಯನ್ನು ನೇಣಿಗೇರಿಸಿತು. ಇನ್ನೂ ಹಲವರನ್ನು ಭಾರತಕ್ಕೆ ಗಡೀಪಾರು ಮಾಡಿತು. ಎಚ್ಚರಗೊಳ್ಳುವವರಿಗೆ ಅಷ್ಟು ಸಾಕಾಗಬೇಕಾಗಿತ್ತು.

ಯುದ್ಧವು ಮುಗಿದ ಮೇಲೆ ಆಂಗ್ಲರೂ ಫ್ರೆಂಚರೂ ಕೂಡಿ, ಅರಬ್ಬರು ತಾವೇ ಆರಿಸಿಕೊಂಡ ಸರ್ಕಾರಗಳನ್ನು ಸ್ಥಾಪಿಸಿಕೊಳ್ಳಲು ನೆರವಾಗುವೆವೆಂದು ಮತ್ತೊಂದು ಪ್ರಕಟಣೆಯನ್ನು ಹೊರಡಿಸಿದರು. ಆದರೆ ಬಾಗ್ದಾದಿನಲ್ಲಿ ಹಂಗಾಮಿ ಕಮಿಷನರಾಗಿದ್ದ ಅರ್ನಾಲ್ಡ್ ವಿಲ್ಸನನಿಗೆ ಅದರಲ್ಲಿ ಎಳ್ಳಷ್ಟೂ ಶ್ರದ್ಧೆ ಇರಲಿಲ್ಲ. 1920ರ ಏಪ್ರಿಲಿನಲ್ಲಿ ಇಟಲಿಯ ಸಾನ್ ರೆಮೋ ಪಟ್ಟಣದಲ್ಲಿ ಕುಳಿತ ಮಿತ್ರರಾಷ್ಟ್ರಗಳ ಮಂತ್ರಿಗಳು ಇರಾಕನ್ನು ಬ್ರಿಟನ್ನಿನ ಪಾಲನೆಗೆ ಒಪ್ಪಿಸಿದ ಸುದ್ದಿಯು ಮೇ ತಿಂಗಳಲ್ಲಿ ಬಾಗ್ದಾದನ್ನು ಮುಟ್ಟಿತು. ಹಿಂದೆಯೇ ರಂಜಾನ್ ಮಾಸವೂ ಬಂದಿತು. ಆಗ ಆ ನಗರವು ಹಿಂದೆಂದೂ ಕಾಣದ ದೃಶ್ಯವನ್ನು ಕಂಡಿತು. ಸುನ್ನಿಗಳ ಮೌಲೂದ್ ಪಾರಾಯಣವೂ ಷಿಯಾಗಳ ಶೋಕಸಭೆಯೂ ಒಂದೇ ಮಸೀದಿಯಲ್ಲಿ, ಒಂದೇ ರಾತ್ರಿ, ಒಂದರ ಬೆನ್ನಿಗೊಂದು ನಡೆಯತೊಡಗಿದವು. ಮುಹಮ್ಮದ್ ಮಹ್ದಿ ಅಲ್ ಬಸೀರ್ ಎಂಬ ಅಂಧಕವಿಯ ವಾಣಿಯನ್ನು ಕೇಳಲು ಹೈದರ್‌ಖಾನಾ ಮಸೀದಿಯು ಕಿಕ್ಕಿರಿಯಿತು. ಕರ್ಬಲಾದಲ್ಲಿದ್ದ ಮಹಾಪಂಡಿತ ಮಿರ್ಜಾ ಮುಹಮ್ಮದ್ ತಖಿ ಶೀರಾಜಿಯು ಹಕ್ಕನ್ನು ಕೇಳುವುದು ಧರ್ಮವೆಂದು ತೀರ್ಪಿತ್ತನು. ಆತನ ಮಗನನ್ನು ಸರ್ಕಾರವು ಬಂಧಿಸಿತು.

ಕಿಡಿ ಹಾರಿದ್ದು ಮಸೀದಿಯಿಂದಲ್ಲ, ಒಂದು ಸಾಲದ ಬಾಕಿಯಿಂದ. ಯೂಫ್ರೆಟೀಸಿನ ಕೆಳಭಾಗದ ರುಮೈತಾ ಎಂಬ ಸಣ್ಣ ಊರಿನಲ್ಲಿ, ಜೂನ್ 30ರಂದು, ಜವಾಲಿಮ್ ಕುಲದ ಷೇಖನಾದ ಶಾಲಾನ್ ಅಬುಲ್ ಜೌನ್ ಎಂಬಾತನನ್ನು, ನಮ್ಮ ಕಡೆಯ ತಕಾವಿಯಂತೆ ಬೇಸಾಯಕ್ಕೆಂದು ಸರ್ಕಾರ ಕೊಟ್ಟಿದ್ದ ಸಾಲವನ್ನು ತೀರಿಸಲಿಲ್ಲವೆಂದು, ಬ್ರಿಟಿಷ್ ಅಧಿಕಾರಿಯು ಹಿಡಿದು ಕೂಡಿಹಾಕಿದನು. ಷೇಖನು ಠಾಣೆಯಿಂದ ಮನೆಗೆ ಹೇಳಿಕಳುಹಿಸಿದ ಮಾತನ್ನು ಇರಾಕಿನ ಜನ ಇಂದಿಗೂ ಕಥೆಯಾಗಿ ಹೇಳುತ್ತಾರೆ: ಹತ್ತು ಒಳ್ಳೆಯ ಚಿನ್ನದ ಲಿರಾಗಳನ್ನು ಕಳುಹಿಸಿರಿ ಎಂದನಂತೆ. ಕೇಳಿದ ಅಧಿಕಾರಿಗೆ ಸಾಲದ ಹಣವು ಬರುವುದೆಂದು ತೋರಿತು. ಕುಲದವರಿಗೆ ಅರ್ಥ ಹೊಳೆಯಿತು. ಬಂದೂಕು ಹಿಡಿದ ಹತ್ತು ಜನ ಗಟ್ಟಿಗರು ಬಂದು, ಕಾವಲುಗಾರನನ್ನು ಕೊಂದು, ಬಾಗಿಲೊಡೆದು ಷೇಖನನ್ನು ಬಿಡಿಸಿಕೊಂಡು ಹೋದರು. ಮರುದಿನದಿಂದ ರೈಲುದಾರಿಯ ಕಂಬಿಗಳನ್ನು ಕೀಳತೊಡಗಿದರು. ಜುಲೈ 24ರಂದು ಹಿಲ್ಲಾದ ಬಳಿ ಬಿಸಿಲಿಗೆ ಬಳಲಿ ನೀರಿಲ್ಲದೆ ಸೋತ ಮ್ಯಾಂಚೆಸ್ಟರ್ ಪಲ್ಟನಿನ ಒಂದು ದಳವು ರಾತ್ರಿಯ ಹಿಮ್ಮೆಟ್ಟುವಿಕೆಯಲ್ಲಿ ಚದುರಿಹೋಯಿತು. ಅದರಿಂದ ವಶವಾದ ಫಿರಂಗಿಯಿಂದಲೇ ದಂಗೆಯವರು ಕೂಫಾದ ಬಳಿ ನದಿಯಲ್ಲಿದ್ದ ಫೈರ್‌ಫ್ಲೈ ಎಂಬ ಯುದ್ಧನೌಕೆಯನ್ನು ಸುಟ್ಟರು. ಆಗಸ್ಟಿನಲ್ಲಿ ದಂಗೆಯು ಬಾಗ್ದಾದಿನ ಪೂರ್ವದ ದಿಯಾಲಾ ಪ್ರಾಂತಕ್ಕೂ ಹಬ್ಬಿತು. ಫಲೂಜಾದ ಹಾದಿಯಲ್ಲಿ, ಕುಲಗಳನ್ನು ಬಡಿದು ಬಗ್ಗಿಸುವುದೇ ಆಡಳಿತವೆಂದು ನಂಬಿದ್ದ ಕರ್ನಲ್ ಲೀಚ್‌ಮನ್ನನು ಷೇಖ್ ಧಾರಿಯ ಕಡೆಯವರಿಂದ ಹತನಾದನು.

ದಂಡನಾಯಕ ಹಾಲ್ಡೇನನ ಕೈಕೆಳಗಿದ್ದ ಸೈನಿಕರಲ್ಲಿ ಬಹುಪಾಲು ಭಾರತೀಯರು. ಬೇಡಿಕೆಗೆ ಓಗೊಟ್ಟು ಸಮುದ್ರದ ಮೇಲೆ ಬಂದ ಹೊಸ ಪಲ್ಟನುಗಳೂ ಭಾರತದವೇ. ರೈಲುದಾರಿಯುದ್ದಕ್ಕೂ ಕೋಟೆಮನೆಗಳನ್ನು ಕಟ್ಟಿ, ಹಳ್ಳಿಗಳನ್ನು ಸುಟ್ಟು, ವಿಮಾನಗಳಿಂದ ಬಾಂಬು ಹಾಕಿ, ಅಕ್ಟೋಬರಿನಲ್ಲಿ, ದಂಗೆಯವರು ಕೂಫಾಕ್ಕೆ ಹಾಕಿದ್ದ ಮುತ್ತಿಗೆಯನ್ನು ಬಿಡಿಸಿದರು. ದಂಡವನ್ನು ಬಂದೂಕುಗಳ ರೂಪದಲ್ಲಿಯೇ ವಿಧಿಸಿ ಕುಲಗಳಿಂದ ಅರವತ್ತು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಕಿತ್ತುಕೊಂಡರು. ಹಾಲ್ಡೇನನ ಅಂದಾಜಿನಂತೆ ದಂಗೆಯವರ ಕಡೆ ಸತ್ತವರೂ ಗಾಯಗೊಂಡವರೂ ಎಂಟು ಸಾವಿರವನ್ನು ಮೀರಿದರು. ವೆಚ್ಚವು 4 ಕೋಟಿ ಪೌಂಡುಗಳಾಯಿತು.

ಯೂಫ್ರೆಟೀಸಿನ ದಡದಲ್ಲಿ ಹಳ್ಳಿಗಳು ಉರಿಯುತ್ತಿದ್ದ ಆ ವಾರಗಳಲ್ಲಿಯೇ, 1920ರ ಸೆಪ್ಟೆಂಬರಿನಲ್ಲಿ, ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಕಲ್ಕತ್ತೆಯಲ್ಲಿ ಸೇರಿದ ಕಾಂಗ್ರೆಸ್ಸಿನ ವಿಶೇಷ ಅಧಿವೇಶನವು ಗಾಂಧೀಜಿಯವರ ಅಸಹಕಾರದ ನಿರ್ಣಯವನ್ನು ಅಂಗೀಕರಿಸಿತು. ಬಿರುದುಗಳನ್ನು ಹಿಂದಿರುಗಿಸುವುದು, ಶಾಲೆ ನ್ಯಾಯಾಲಯಗಳನ್ನು ಬಿಡುವುದು, ವಿದೇಶೀ ವಸ್ತುಗಳನ್ನು ತ್ಯಜಿಸುವುದು, ಈ ಅಂಶಗಳನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅದೇ ನಿರ್ಣಯದಲ್ಲಿ ಇನ್ನೊಂದು ಅಂಶವೂ ಇತ್ತು: ಸೈನಿಕರಾಗಲಿ, ಗುಮಾಸ್ತರಾಗಲಿ, ಕೂಲಿಗಳಾಗಲಿ ಮೆಸಪೊಟೇಮಿಯದ ಚಾಕರಿಗೆ ಸೇರಕೂಡದು. ಆರು ವರ್ಷಗಳಿಂದ ಯಾವ ಮೂರು ವರ್ಗದವರ ದುಡಿಮೆಯ ಮೇಲೆ ಆ ಆಕ್ರಮಣವು ನಿಂತಿತ್ತೋ ಆ ಮೂರನ್ನೂ ಹೆಸರು ಹಿಡಿದು ಹೇಳಿದ ಆ ವಾಕ್ಯವು, ನನ್ನ ಅಭಿಪ್ರಾಯದಲ್ಲಿ, ಆ ನಿರ್ಣಯದ ಅತ್ಯುನ್ನತವಾದ ಮಾತು. ಅದರಲ್ಲಿ ಭಾರತದ ಸ್ವರಾಜ್ಯವು ಪರರ ಸ್ವಾತಂತ್ರ್ಯದ ಮೇಲೆ ಕಾಲಿಟ್ಟು ಬರಬಾರದೆಂಬ ವಿವೇಕವಿದೆ. ಪಾಠಪುಸ್ತಕಗಳು ಅದನ್ನು ಬಿಟ್ಟುಬಿಟ್ಟಿರುವುದು ಖೇದಕರ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಇಷ್ಟು ವೆಚ್ಚದ ನೇರ ಆಳ್ವಿಕೆಯನ್ನು ಕೈಬಿಟ್ಟು, 1921ರ ಆಗಸ್ಟ್ 23ರಂದು ಹಿಜಾಜಿನ ರಾಜಪುತ್ರ ಫೈಸಲನನ್ನು ಸಿಂಹಾಸನದಲ್ಲಿ ಕೂರಿಸಿದರು. ದೇಶದ ಕಾವಲನ್ನು ಮರುವರ್ಷ ವಿಮಾನದಳಕ್ಕೆ ವಹಿಸಿದರು. 1932ರಲ್ಲಿ ಇರಾಕು ಸ್ವತಂತ್ರವೆನಿಸಿಕೊಂಡರೂ ವಿಮಾನನೆಲೆಗಳು ಬ್ರಿಟಿಷರ ಕೈಯಲ್ಲಿಯೇ ಉಳಿದವು. 1941ರ ಏಪ್ರಿಲಿನಲ್ಲಿ, ತಮಗೆ ಒಪ್ಪಿಗೆಯಿಲ್ಲದ ಸರ್ಕಾರವು ಬಾಗ್ದಾದಿನಲ್ಲಿ ಬಂದಾಗ, ಭಾರತೀಯ ಬ್ರಿಗೇಡೊಂದು ಮತ್ತೆ ಬಸ್ರಾದಲ್ಲಿ ಇಳಿಯಿತು. ಮೊದಲ ಯುದ್ಧದಲ್ಲಿ ಸತ್ತು ಸಮಾಧಿಯೂ ತಿಳಿಯದೆ ಹೋದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗಾಗಿ ಬಸ್ರಾದಲ್ಲಿ ಸ್ಮಾರಕವನ್ನು ಕಟ್ಟಿದಾಗ, ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕಲ್ಲಿನಲ್ಲಿ ಕೆತ್ತಿದರು. ಭಾರತೀಯ ಸಿಪಾಯಿಗಳ ಪಾಲಿಗೆ ಪಲ್ಟನಿನ ಹೆಸರು ಮತ್ತು ಸತ್ತವರ ಸಂಖ್ಯೆ ಮಾತ್ರ ದೊರೆಯಿತು. ಬದುಕಿದ್ದಾಗ ಎಣಿಸಿ ಕಳುಹಿಸಿದ ಸರ್ಕಾರವು ಸತ್ತ ಮೇಲೂ ಎಣಿಕೆಯನ್ನಷ್ಟೇ ಉಳಿಸಿದ್ದು ನಮ್ಮ ಮನಸ್ಸನ್ನು ನೋಯಿಸದೆ ಇರಲಾರದು.

2003ರ ಮಾರ್ಚಿನಲ್ಲಿ ಅಮೆರಿಕದ ಮತ್ತು ಬ್ರಿಟನ್ನಿನ ಸೈನ್ಯಗಳು ಪುನಃ ಅದೇ ಫಾವ್ ಮತ್ತು ಬಸ್ರಾಗಳ ಹಾದಿಯಿಂದ ಇರಾಕನ್ನು ಹೊಕ್ಕು, ಬಿಡುಗಡೆ ಎಂಬ ಅದೇ ಮಾತನ್ನು ಆಡಿದವು. ಆಕ್ರಮಣದ ವಿರುದ್ಧ ಶಸ್ತ್ರ ಹಿಡಿದ ಗುಂಪುಗಳಲ್ಲೊಂದು ತನ್ನನ್ನು 1920ರ ಕ್ರಾಂತಿಯ ಹೆಸರಿನಿಂದ ಕರೆದುಕೊಂಡಿತು. ಷೇಖ್ ಧಾರಿಯ ಮೊಮ್ಮಗನಾದ ಹಾರಿಸ್ ಅಲ್ ಧಾರಿಯು ಸುನ್ನಿ ಪಂಡಿತರ ಸಂಘದ ಮುಖಂಡನಾಗಿ ಆ ಆಕ್ರಮಣವನ್ನು ಖಂಡಿಸುತ್ತ ಬಂದನು. ಬಾಗ್ದಾದು ಬಿದ್ದು ಕೆಲವೇ ವಾರಗಳಲ್ಲಿ ಅಮೆರಿಕವು ಭಾರತವನ್ನು ಒಂದು ಡಿವಿಜನ್ನಿನಷ್ಟು, ಎಂದರೆ ಸುಮಾರು 17,000 ಸೈನಿಕರನ್ನು ಇರಾಕಿನ ಉತ್ತರಭಾಗದ ಕಾವಲಿಗೆ ಕಳುಹಿಸೆಂದು ಕೇಳಿತು. ಕಳುಹಿಸುವುದು ಲಾಭಕರವೆಂದು ವಾದಿಸಿದವರೂ ದೆಹಲಿಯಲ್ಲಿ ಇಲ್ಲದಿರಲಿಲ್ಲ. ಜುಲೈ 14ರಂದು ವಾಜಪೇಯಿಯವರ ಸರ್ಕಾರವು, ವಿಶ್ವಸಂಸ್ಥೆಯ ಸ್ಪಷ್ಟವಾದ ಆದೇಶವಿಲ್ಲದೆ ಸೈನ್ಯವನ್ನು ಕಳುಹಿಸುವುದಿಲ್ಲವೆಂದು ಉತ್ತರವಿತ್ತಿತು.